ಮಗಳು ತುಂಬಿಸದ ಡ್ರಮ್, ಮೀಯದ ಅಪ್ಪ

ಬಂಧುಗಳೇ, ಇಂದು ನಾನು ಮೀಯದೆ ಆಫೀಸಿಗೆ ಬಂದಿದ್ದೇನೆ. ಕಾರಣ, ಮಕ್ಕಳ ಶಿಕ್ಷಣ.

ಮುಂಬೈ ಬಳಿಯ ನಮ್ಮ ಡೊಂಬಿವಲಿ ಕಟ್ಟಡದಲ್ಲಿ ನಳ್ಳಿ ನೀರು ಬರುವುದು ಬೆಳಿಗ್ಗೆ ಆರರಿಂದ ಏಳರವರೆಗೆ ಮಾತ್ರ. ಬಚ್ಚಲಿನ ಡ್ರಮ್ ತುಂಬಿಸುವುದು ಹನ್ನೊಂದು ವರ್ಷದ ಮಗಳ ಕೆಲಸ. ಇಂದು ಅವಳು ಏಳಲೇ ಇಲ್ಲ. ನಾನೇ ನಳ್ಳಿ ತಿರುಗಿಸಲು ಹೋದರೆ, ಆಗಲೇ ಸ್ನಾನ ಮುಗಿಸಿದ್ದ ಹೆಂಡತಿ ತಡೆದಳು.

“ನೀವು ಮುಟ್ಬೇಡಿ ಮಾರಾಯ್ರೆ! ನೀರಿಲ್ಲದಿದ್ರೆ ಅವಳಿಗೇ ಬುದ್ಧಿ ಬರ್ತದೆ.”

“ಮತ್ತೆ ನನ್ನ ಸ್ನಾನ?”

“ಮಗಳ ಬುದ್ಧಿಗಿಂತ ನಿಮ್ಮ ಸ್ನಾನ ಹೆಚ್ಚಾ?”

ಏಳಕ್ಕೆ ನೀರು ನಿಂತಿತು. ಏಳೂಕಾಲಿಗೆ ಎದ್ದ ಮಗಳು ಖಾಲಿ ಡ್ರಮ್ಮಿಗೆ ಇಣುಕಿ, ಟವೆಲ್ ಹೆಗಲಿಗೇರಿಸಿ, ಮೇಲಿನ ಮನೆಯ ಮರಾಠಿ ಆಂಟಿ ‘ಕಾಕೂ’ ಬಳಿ ಹೋದಳು. ಅರ್ಧ ಗಂಟೆಯಲ್ಲಿ ಘಮಘಮಿಸುತ್ತ ಇಳಿದು ಬಂದಳು.

“ಮಮ್ಮಿ, ಕಾಕೂ ಕೇ ಘರ್ ಗೀಝರ್ ಹೈ! ಪೋಹೆ ಭೀ ದಿಯಾ!”

ಗೀಝರಿನ ಬಿಸಿನೀರಿನ ಜೊತೆ ಅವಲಕ್ಕಿಯನ್ನೂ ಕೊಟ್ಟ ಕಾಕೂ, ನಾಳೆಯೂ ಬಾ ಎಂದಿದ್ದಾರಂತೆ. ಹೆಂಡತಿ ನನ್ನ ಕಡೆ ನೋಡಲಿಲ್ಲ. ನಾನು ಪೌಡರ್ ಬಳಿದುಕೊಂಡು ಹೊರಟೆ.

ಲಾಭವೇ ಆಗಲಿಲ್ಲ ಎನ್ನಲಾರೆ. ಹದಿನೈದು ವರ್ಷಗಳಲ್ಲಿ ಮೊದಲ ಬಾರಿಗೆ, ಇಂದಿನ ಲೋಕಲ್ ರೈಲಿನಲ್ಲಿ ನನ್ನ ಸುತ್ತ ಕೈಚಾಚುವಷ್ಟು ಜಾಗವಿತ್ತು.