ಜೆರಾಕ್ಸ್ ಅಂಗಡಿಯಿಂದ ಹೊರಡುವ ವಿಜ್ಞಾನದ ಅಂಚೆ

ಬೆಳಿಗ್ಗೆ ಐದೂವರೆ. ಹುಣಸೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಜೆರಾಕ್ಸ್ ಅಂಗಡಿಯೊಂದರ ಷಟರ್ ಅರ್ಧ ಮೇಲೆದ್ದಿದೆ. ಒಳಗೆ ಕಂಪ್ಯೂಟರಿನ ಮುಂದೆ ಕೂತಿರುವವರು ಉಮ್ಮೆ ಹಾನಿ. ಇಪ್ಪತ್ತಮೂರು ಪತ್ರಗಳು ಅವರ ಒಪ್ಪಿಗೆಗೆ ಕಾದಿವೆ. ಮೊದಲನೆಯದನ್ನು ಬಾಯಿಬಿಟ್ಟು ಓದುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ, ಬರೆದವರಿಗೇ ವಾಪಸ್ ಕಳಿಸುತ್ತಾರೆ. ಬರೆದವರು ಬೆಂಗಳೂರಿನ ಒಬ್ಬ ಭೌತವಿಜ್ಞಾನಿ.

“ಇವ್ರಿಗೆ ಎಲ್ಲಾ ಗೊತ್ತು ಕಣ್ರೀ. ಹೇಳಾಕೆ ಮಾತ್ರ ಬರಾಕಿಲ್ಲ.”

ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತ ಗಂಡ ಮುಬಷೀರ್ ಮರಗೆಲಸದವರು. ನಗುತ್ತಾರೆ: “ಇಪ್ಪತ್ತು ವರ್ಷದಿಂದ ನಂಗೂ ಇದೇ ಅಂತಾಳೆ, ಬುಡಿ.”

‘ಬಿಡಿಸಿ ಹೇಳಿ’ ಎಂಬುದು ಒಂದು ಮಿಂಚಂಚೆ ಬಳಗ. ಜನರಿಗೆ ವಿಜ್ಞಾನ ತಿಳಿಸುವುದನ್ನೇ ಕಸುಬು ಮಾಡಿಕೊಂಡ ಪತ್ರಕರ್ತರು, ರೇಡಿಯೊದವರು, ಅನುವಾದಕರು, ಡಾಕ್ಟರುಗಳು, ಆರೋಗ್ಯ ಕಾರ್ಯಕರ್ತೆಯರು ಇಲ್ಲಿ ಪ್ರಶ್ನೆ ಕೇಳುತ್ತಾರೆ, ಜಗಳವಾಡುತ್ತಾರೆ, ತಿದ್ದಿಕೊಳ್ಳುತ್ತಾರೆ. ಒಬ್ಬರು ಬರೆದ ಪತ್ರ ಎಲ್ಲರಿಗೂ ಹೋಗುತ್ತದೆ. ಆದರೆ ಉಮ್ಮೆ ಹಾನಿ ಓದಿ ಒಪ್ಪಿದ ಮೇಲಷ್ಟೇ. ದಿನಕ್ಕೆ ನಲವತ್ತು ಪತ್ರ, ಹದಿಮೂರು ವರ್ಷ. ಕಳೆದ ವರ್ಷದವರೆಗೆ ಸದಸ್ಯರು ಆರುನೂರ ನಲವತ್ತು.

ಉಮ್ಮೆ ಹಾನಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ತಂದೆ ರಜಾಕ್ ಅವರ ಬಲಗೈಯ ಮೂರು ಬೆರಳು ಮರದ ಮಿಲ್ಲಿನ ಗರಗಸಕ್ಕೆ ಹೋದವು. ಅಲ್ಲಿಗೆ ಕಾಲೇಜು ಮುಗಿಯಿತು, ಟೈಪಿಂಗ್ ಶುರುವಾಯಿತು. ಮಿರ್ಲೆಯ ನಿವೃತ್ತ ವಿಜ್ಞಾನ ಮೇಷ್ಟ್ರು ನಂಜಯ್ಯ ತಮ್ಮ ಲೇಖನಗಳನ್ನು ಟೈಪು ಮಾಡಿಸಲು ಇವರಲ್ಲಿಗೇ ಬರುತ್ತಿದ್ದರು. ಒಂದು ದಿನ ಹುಡುಗಿ ಕೈ ನಿಲ್ಲಿಸಿ, “ಮೇಷ್ಟ್ರೇ, ಈ ಸಾಲು ನಂಗೇ ಅರ್ಥ ಆಗ್ನಿಲ್ಲ” ಅಂದಳಂತೆ. “ಅಂಗಾದ್ರೆ ತಪ್ಪು ನಂದು ಕಣವ್ವ” ಅಂದರಂತೆ ಮೇಷ್ಟ್ರು. ಮುಂದೆ ಮೇಷ್ಟ್ರು ಹದಿನಾಲ್ಕು ಗೆಳೆಯರ ವಿಳಾಸ ಕೊಟ್ಟರು, ಇವರು ಬಳಗ ಕಟ್ಟಿದರು. ಮೇಷ್ಟ್ರು ಹಾಕಿದ ಕಟ್ಟಳೆ ಒಂದೇ: ಪತ್ರದ ಕೊನೆಗೆ ಹೆಸರು, ಊರು, ಅಷ್ಟೇ. ಡಾಕ್ಟರ್, ಪ್ರೊಫೆಸರ್ ಎಂಬ ಬಾಲಗಳಿದ್ದರೆ ಪ್ರಶ್ನೆ ಕೇಳುವವರ ಬಾಯಿ ಕಟ್ಟಿಹೋಗುತ್ತದೆ. ಮೇಷ್ಟ್ರು ತೀರಿಕೊಂಡು ಆರು ವರ್ಷವಾಯಿತು. ಆ ಬಾಲಗಳನ್ನು ಉಮ್ಮೆ ಹಾನಿ ಇವತ್ತಿಗೂ ಒಂದೊಂದಾಗಿ ಕತ್ತರಿಸುತ್ತಾರೆ.

ಹಾಗಾಗಿಯೇ ರಾವಂದೂರಿನ ಆರೋಗ್ಯ ಕಾರ್ಯಕರ್ತೆ ವಿಮಲಮ್ಮ ಅಂಜದೆ ಕೇಳಿದ್ದು. ಮುಂಜಾನೆ ಇಬ್ಬನಿಯಲ್ಲಿ ಹೊಗೆಸೊಪ್ಪು ಕೀಳುವ ಹೆಂಗಸರು ವಾಂತಿ ಮಾಡಿಕೊಂಡು, ತಲೆ ತಿರುಗಿ ಬೀಳುತ್ತಾರೆ. ‘ಗಾಳಿ ಸೋಕಿದೆ’ ಅನ್ನುವವರಿಗೆ ಏನು ಹೇಳಲಿ? ಒಬ್ಬ ಡಾಕ್ಟರು ನಾಲ್ಕು ಪುಟ ಉತ್ತರ ಬರೆದರು. ಉಮ್ಮೆ ಹಾನಿ ಮೂರು ಸಲ ವಾಪಸ್ ಕಳಿಸಿದರು. ಡಾಕ್ಟರು ಫೋನಿನಲ್ಲಿ ರೇಗಿದರು: “ಏನಮ್ಮ, ನನಗೇ ಪಾಠ ಹೇಳ್ತೀಯಾ?”

“ನಿಮಗಲ್ಲ ಸಾರ್, ಸೊಪ್ಪು ಕೀಳೋರಿಗೆ ಹೇಳಿ.”

ನಾಲ್ಕು ಪುಟ ಆರು ಸಾಲಾಯಿತು. ಎಲೆಯ ನೀರಿನಲ್ಲಿ ಸೊಪ್ಪಿನ ವಿಷ ಕರಗಿರುತ್ತದೆ, ಒದ್ದೆ ಮೈಯಿಂದ ಒಳಗಿಳಿಯುತ್ತದೆ, ಕೈ ತೋಳು ಮುಚ್ಚಿಕೊಳ್ಳಿ, ಒದ್ದೆ ಬಟ್ಟೆ ಬದಲಿಸಿ. ರೇಡಿಯೊದವರು ಆ ಆರು ಸಾಲನ್ನು ಓದಿದರು. ವಿಜ್ಞಾನ ಪ್ರಚಾರದ ಸಂಸ್ಥೆಯೊಂದು ಅದನ್ನೇ ಬಣ್ಣದ ಪುಸ್ತಿಕೆಯಲ್ಲಿ ತನ್ನ ಹೆಸರು ಹಾಕಿ ಅಚ್ಚು ಮಾಡಿತು.

ಅದೇ ಸಂಸ್ಥೆಯ ಇಬ್ಬರು ಕಳೆದ ವರ್ಷ ಶಾಲು, ಹಾರ ಹಿಡಿದು ಮೈಸೂರಿನಿಂದ ಕಾರಿನಲ್ಲಿ ಹುಣಸೂರಿಗೆ ಬಂದರು. ಆಧಾರ್ ಕಾರ್ಡಿನ ಜೆರಾಕ್ಸ್ ಎಣಿಸುತ್ತಿದ್ದ ಹೆಂಗಸನ್ನು ಕೇಳಿದರು: “ಪ್ರೊಫೆಸರ್ ಉಮ್ಮೆ ಹಾನಿಯವರ ಮನೆ ಎಲ್ಲಮ್ಮ?”

“ನಾನೇ ಸಾರ್. ಪ್ರೊಫೆಸರ್ ಅಲ್ಲ.”

“ತಮಾಷೆ ಬೇಡ, ನಮಗೆ ಹೊತ್ತಾಗ್ತದೆ.”

ತಮಾಷೆಯಲ್ಲವೆಂದು ತಿಳಿದಾಗ ಒಬ್ಬರ ಮುಖವನ್ನು ಇನ್ನೊಬ್ಬರು ನೋಡಿಕೊಂಡರು. ಟೀ ಕುಡಿದರು. ಶಾಲು ಕಾರಿನಲ್ಲೇ ಮೈಸೂರಿಗೆ ಹಿಂತಿರುಗಿತು. ವರ್ಷಗಟ್ಟಲೆ ಬಳಗದವರ ವಾಕ್ಯ ತಿದ್ದಿದ ಕೈಗೆ ಪದವಿ ಇದೆಯೆಂದು ನಂಬಿದ್ದಷ್ಟು ದಿನ ಅದು ಪಾಂಡಿತ್ಯ. ಇಲ್ಲವೆಂದು ಗೊತ್ತಾದ ಸಂಜೆಯಿಂದ ಅದು ಟೈಪಿಂಗ್! ಜನರ ಮೂಢನಂಬಿಕೆ ಕಳೆಯಲು ಸಂಬಳ ಪಡೆಯುವವರ ಮೂಢನಂಬಿಕೆ ಇದು. ಇದಕ್ಕೆ ಯಾವ ಪುಸ್ತಿಕೆ ಅಚ್ಚು ಹಾಕುತ್ತಾರೋ.

ವಾರದಲ್ಲೇ ಸಂಸ್ಥೆಯಿಂದ ಪತ್ರ ಬಂತು. ಬಳಗದ ‘ಘನತೆ ಕಾಪಾಡಲು’ ತಜ್ಞರ ಸಮಿತಿ ರಚಿಸಲಾಗಿದೆ, ಪಾಸ್‌ವರ್ಡ್ ಒಪ್ಪಿಸತಕ್ಕದ್ದು, ತಾವು ‘ತಾಂತ್ರಿಕ ಸಹಾಯಕಿ’ಯಾಗಿ ಮುಂದುವರಿಯಬಹುದು. ಉಮ್ಮೆ ಹಾನಿ ಒಂದು ಪ್ರಶ್ನೆ ಬರೆದರು: ದಿನಾ ಬೆಳಿಗ್ಗೆ ಪತ್ರ ಓದುವವರು ಯಾರು? ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ ಎಂದು ಉತ್ತರ ಬಂತು.

“ಮೂರು ತಿಂಗ್ಳು! ಅಷ್ಟೊತ್ತಿಗೆ ಕೇಳ್ದೋರಿಗೆ ಪ್ರಶ್ನೆನೇ ಮರ್ತೋಗಿರ್ತದೆ. ಕೊಡಾಕಿಲ್ಲ ಅಂತ ಬರ್ದೆ.”

ಸಂಸ್ಥೆ ತನ್ನದೇ ಬಳಗ ತೆರೆಯಿತು. ಇನ್ನೂರ ಒಂಬತ್ತು ಜನ ಎದ್ದು ಅಲ್ಲಿಗೆ ಹೋದರು. ಬರೆಯಲು ಕಲಿತದ್ದು ಇಲ್ಲಿ, ಹೋದದ್ದು ಬಿರುದು ಹಾಕಿಕೊಳ್ಳಲು ಬಿಡುವ ಕಡೆಗೆ. ಹೊರಡುವಾಗ ಒಂದು ಸಾಲು ಬರೆದವರು ಹನ್ನೊಂದು ಮಂದಿ. ಹೋದವರ ಹೆಸರುಗಳನ್ನು ಉಮ್ಮೆ ಹಾನಿ ಅಳಿಸಿಲ್ಲ.

“ಬೇಜಾರಿಲ್ಲ ಅಂದ್ರೆ ಸುಳ್ಳಾಯ್ತದೆ ಕಣ್ರೀ. ಎಲ್ಡು ದಿನ ಅಂಗಡಿ ಬಾಗ್ಲೇ ತೆಗೀನಿಲ್ಲ,” ಎನ್ನುತ್ತಾರೆ, ಮುಂದಿನ ಪತ್ರ ತೆರೆಯುತ್ತ. “ಅಲ್ಲಿ ಉತ್ತರ ಸಿಗ್ದಿದ್ರೆ ತಿರುಗಿ ಬತ್ತಾರೆ. ಬಂದೋರ್ನ ಯಾಕ್ ಹೋಗಿದ್ರಿ ಅಂತ ಕೇಳಾಕಿಲ್ಲ. ಏನ್ ತಿಳೀಬೇಕಿತ್ತು ಅಂತ ಕೇಳ್ತೀನಿ.”