ಅಪ್ಪನ ಬೈಕಿನ ಮೇಲೆ ಗಾಲ್ಫ್ ಕೋಲು

ಇವತ್ತು ಸಿಗ್ನಲ್ಲಿನಲ್ಲಿ ಒಬ್ಬ ಗಾಲ್ಫ್ ಚೀಲ ಹೊತ್ತು ಬೈಕಿನ ಮೇಲೆ ಕೂತಿದ್ದ. ಯಾರೂ ಅವನನ್ನು ಏನೂ ಕೇಳಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

ನಾನು ಚಿಕ್ಕವಳಿದ್ದಾಗ ಅಪ್ಪನ ಸಾಹೇಬರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಅವರ ಗಾಲ್ಫ್ ಕೋಲುಗಳನ್ನು ಅಪ್ಪ ಸಿಂದಗಿಯಿಂದ ಬಾಗೇವಾಡಿಗೆ ಮುಟ್ಟಿಸಬೇಕಿತ್ತು. ಅದೇ ದಿನ ಅಲ್ಲೇ ಹತ್ತು ಗಂಟೆಗೆ ನನಗೆ ವಸತಿಶಾಲೆಯ ಪ್ರವೇಶ ಪರೀಕ್ಷೆ. ನಮ್ಮಿಬ್ಬರ ನಡುವೆ ಅಡ್ಡ ಮಲಗಿದ ಚೀಲದಿಂದ ಹಳೆಯ ತೊಗಲಿನ ವಾಸನೆ ಬರುತ್ತಿತ್ತು.

ನಮ್ಮ ಕಡೆ ದಾರಿಯಲ್ಲಿ ಕೇಳಿದವರಿಗೆ ಹೇಳದೆ ಮುಂದೆ ಹೋದರೆ ಸೊಕ್ಕು ಎನ್ನುತ್ತಾರೆ. ಅಪ್ಪ ಎಲ್ಲರಿಗೂ ಗಾಡಿ ನಿಲ್ಲಿಸಿದ. ಹೂವಿನ ಹಿಪ್ಪರಗಿಯ ಚಹಾದಂಗಡಿಯ ಮುಂದೆ ಕೋಲುಗಳನ್ನು ಹೊರಗೇ ತೆಗೆದ.

"ಕಸಾ ತಗಿಯೂವೇನ್ರಿ ಇವು?" ಎಂದ ಒಬ್ಬ ಮುದುಕ.

"ಅಲ್ರಿ ಕಾಕಾ, ಚೆಂಡ ಹೊಡಿಯೂವು."

"ಒಂದ ಚೆಂಡಿಗೆ ಇಷ್ಟ ಕೋಲಾ? ನಿಮ್ಮ ಸಾಹೇಬ್ರಿಗೆ ಗುರಿ ಇಲ್ಲ ಬಿಡ್ರಿ!"

ಎಲ್ಲರೂ ನಕ್ಕರು. ಅಂಗಡಿಯವನ ಬಜಿಯ ಉಳ್ಳಾಗಡ್ಡಿಯನ್ನೇ ಚೆಂಡಾಗಿ ಇಟ್ಟು ಒಬ್ಬೊಬ್ಬರೇ ಹೊಡೆದು ನೋಡತೊಡಗಿದರು.

"ಅಪ್ಪಾ, ಹೊತ್ತಾತು."

"ಹಿರ್‍ಯಾರು ಕೇಳಾಕತ್ತಾರ, ತಡಿಯವಾ."

ಬಾಗೇವಾಡಿಯಲ್ಲಿ ಪರೀಕ್ಷೆಯ ಗೇಟು ಮುಚ್ಚಿತ್ತು. ಅಪ್ಪ ಕಾವಲುಗಾರನಿಗೆ ಕೈಮುಗಿದು ತಡವಾದ ಕಾರಣವನ್ನೆಲ್ಲ ಹೇಳಿದ. ಅವನು ಸಮಾಧಾನದಿಂದ ಕೇಳಿ, "ಬಾಗಲಾ ತಗಿಯಾಕ ಬರಂಗಿಲ್ರಿ. ಆದ್ರ ಗಾಲ್ಫ್ ಅಂದ್ರೇನ್ರಿ? ಒಂಚೂರು ತೋರಸ್ರಿ" ಎಂದ.

ಅಪ್ಪ ಚೀಲ ಬಿಚ್ಚಿದ.

ಆ ಶಾಲೆಯ ಒಳಗೆ ನಾನು ಕಾಲಿಡಲೇ ಇಲ್ಲ. ಈಗಲೂ ಫೋನಿನಲ್ಲಿ ಆ ಮಾತು ತೆಗೆದರೆ ಅಪ್ಪ, "ಕೇಳಿದಾವ್ರಿಗೆ ಹೇಳಬೇಕಲ್ಲವಾ" ಎನ್ನುತ್ತಾನೆ. ನಾನು ಫೋನು ಇಟ್ಟುಬಿಡುತ್ತೇನೆ.