ಪರದೆಗೆ ಅಂಟಿಸಿದ ಕ್ಯಾಲೆಂಡರ್ ರಟ್ಟು

ನಮ್ಮ ಫಿಸಿಕ್ಸ್ ಮೇಡಂ ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುತ್ತಿದ್ದ ಅತಿಥಿ ಉಪನ್ಯಾಸಕಿ. ಕಣಗಳನ್ನು ಡಿಕ್ಕಿ ಹೊಡೆಸುವ ವಿದೇಶದ ಪ್ರಯೋಗವೊಂದು ಎಲ್ಲರಿಗೂ ತೆರೆದಿಟ್ಟಿದ್ದ ದತ್ತಾಂಶವನ್ನು ಇಳಿಸಿಕೊಂಡು, ಕ್ವಾರ್ಕು ಎಂಬ ಅತಿ ಸಣ್ಣ ಕಣಗಳು ಕೂಡಿ ಹೇಡ್ರಾನ್ ಎಂಬ ದೊಡ್ಡ ಕಣವಾದ ಗುರುತನ್ನು ನಮ್ಮಿಂದ ಹುಡುಕಿಸುತ್ತಿದ್ದರು. ಗ್ರಾಫಿನಲ್ಲಿ ಗುಡ್ಡ ಎದ್ದರೆ ಅಲ್ಲೊಂದು ಕಣ ಇರಬಹುದು. ಆದರೆ ಗುಡ್ಡ ಏಳಬಹುದಾದ ಜಾಗ ನಮಗೆ ಕಾಣದಂತೆ ಅವರು ಕಂಪ್ಯೂಟರ್ ಪರದೆಗೆ ಹಳೇ ಕ್ಯಾಲೆಂಡರಿನ ರಟ್ಟು ಅಂಟಿಸುತ್ತಿದ್ದರು. ಯಾವ ಡಿಕ್ಕಿ ಬೇಕು, ಯಾವುದು ಬೇಡ ಎಂದು ಗೆರೆ ಎಳೆದ ಮೇಲೆಯೇ ಅದನ್ನು ತೆಗೆಯಬೇಕು. "ಮೊದ್ಲು ಗೆರೆ, ಆಮೇಲೆ ಕಣ್ಣು" ಎನ್ನುತ್ತಿದ್ದರು.

ಒಂದು ದಿನ ನಾನು ರಟ್ಟು ಎತ್ತಿ ನೋಡಿದೆ. ಗೆರೆಯನ್ನು ಅತ್ತಿತ್ತ ಸರಿಸುತ್ತ ಹೋದಂತೆ ಚೆಂದದ ಗುಡ್ಡ ಎದ್ದಿತು. ಹೊಸ ಕಣ ಸಿಕ್ಕಿತೆಂಬ ಸುದ್ದಿ ತಿಳಿದ ಪ್ರಿನ್ಸಿಪಾಲರು ಪತ್ರಕರ್ತರನ್ನೇ ಕರೆಸಿಬಿಟ್ಟರು.

ಅವರೆಲ್ಲರ ಎದುರು ಮೇಡಂ ಎದ್ದು ನಿಂತರು. "ಇದು ಕಣ ಅಲ್ಲ ಸರ್. ರಟ್ಟಿನ ಅಂಟು ಬಿಟ್ಟಿದೆ, ಹುಡುಗರು ಇಣುಕಿ ನೋಡಿ ಗೆರೆ ಸರಿಸಿದ್ದಾರೆ."

"ಸುಮ್ನಿರಿ ಮೇಡಂ," ಪ್ರಿನ್ಸಿಪಾಲರು ಪಿಸುಗುಟ್ಟಿದರು. "ಮುಂದಿನ ವರ್ಷ ನಿಮ್ಮನ್ನ ತಗೊಳ್ಳೋದು ನನ್ನ ಕೈಲಿದೆ."

"ತಗೋಬೇಡಿ ಸರ್. ಇಲ್ಲದ ಕಣಕ್ಕೆ ನಾನು ಹೆಸರಿಡಲ್ಲ."

ಅವರು ರಟ್ಟನ್ನು ಮತ್ತೆ ಅಂಟಿಸಿ, ನಾವು ಯಾರೂ ಮುಟ್ಟದ ಹೊಸ ದತ್ತಾಂಶ ತೆರೆದರು. "ಬಾ ಮಾರಾಯ, ನೀನು ಎಳೆದ ಗೆರೆನೇ ಇರ್ಲಿ. ನಿಜವಾದ ಕಣ ಆದ್ರೆ ಇಲ್ಲೂ ಗುಡ್ಡ ಏಳ್ಬೇಕು. ನೀನೇ ತೆಗಿ" ಎಂದು ನನ್ನನ್ನು ಕರೆದರು. ರಟ್ಟು ತೆಗೆದೆ. ಗುಡ್ಡವಿರಲಿಲ್ಲ, ಗ್ರಾಫು ಸಪಾಟಾಗಿತ್ತು.

ಮೇಡಂ ಪತ್ರಕರ್ತರ ಕಡೆ ತಿರುಗಿದರು. "ಈಗ ಹೊಡೀರಿ ಫೋಟೋ."